ಒರಿಜಿನಲ್ ಕೊಡಬೇಡ

ಅಂಕೋಲೆಯ ಆ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವವರು ಹನ್ನೊಂದು ಮಂದಿ. ಹನ್ನೆರಡನೆಯವಳು ಹೊನ್ನಮ್ಮ. ಇದು ಯಾವ ಕಾಗದದಲ್ಲೂ ಇಲ್ಲ. ಕಾಗದದಲ್ಲಿ ಅವಳು ಅಟೆಂಡರ್. ಬೆಳಿಗ್ಗೆ ಬೀಗ ತೆಗೆಯಬೇಕು, ಗಂಟೆ ಹೊಡೆಯಬೇಕು, ನೋಟೀಸನ್ನು ಕ್ಲಾಸಿನಿಂದ ಕ್ಲಾಸಿಗೆ ಒಯ್ಯಬೇಕು, ಪ್ರಿನ್ಸಿಪಾಲರ ಮೇಜಿಗೆ ಚಹಾ ಇಡಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ದಿನಗೂಲಿಗೆ ಕಸ ಹೊಡೆಯಲು ಬಂದವಳು, ಹತ್ತೊಂಬತ್ತು ವರ್ಷ ಕಸ ಹೊಡೆದ ಮೇಲೆ ಕಾಯಂ ಆದಳು. ಈಗ ಐವತ್ತೆಂಟು. ಮನೆಗೆ ಕಳಿಸಲು ಇನ್ನೆರಡು ವರ್ಷ ಬಾಕಿ.

ಹುಟ್ಟಿದ್ದು ಅಗಸೂರಿನಲ್ಲಿ, ಬೇರೆಯವರ ಗದ್ದೆಯಲ್ಲಿ ನಟ್ಟಿ ಮಾಡುವವರ ಮನೆಯಲ್ಲಿ. ಮೂರನೇ ಕ್ಲಾಸು ಮುಗಿಯುವ ಹೊತ್ತಿಗೆ ಬೆನ್ನಿಗೊಬ್ಬ ತಮ್ಮ ಬಂದ. ಅವನನ್ನು ಎತ್ತಿಕೊಳ್ಳಲು ಆಳು ಬೇಕಿತ್ತು, ಶಾಲೆ ಅಲ್ಲಿಗೇ ಬಿತ್ತು. ಸರಿಯಾಗಿ ಓದಲು ಕಲಿತದ್ದು ಕಾಲೇಜಿನ ಕಸದಿಂದ. ಹರಿದೆಸೆದ ಪ್ರಶ್ನೆಪತ್ರಿಕೆ, ಅಂಚೆ ಲಕೋಟೆ, ಹಳೇ ಸುತ್ತೋಲೆ, ಯಾವುದನ್ನೂ ಹಾಗೇ ಗುಡಿಸಿ ಹಾಕಿದವಳಲ್ಲ. ಕೈಯಲ್ಲಿ ಹಿಡಿದು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಅರ್ಥ ಆಗುವವರೆಗೆ ಬಿಡುತ್ತಿರಲಿಲ್ಲ. ಹತ್ತು ವರ್ಷದಲ್ಲಿ ಸರ್ಕಾರಿ ಸುತ್ತೋಲೆಯ ಕನ್ನಡ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯವಾಯಿತು. ಹೊಸದಾಗಿ ಬಂದ ಲೆಕ್ಚರರುಗಳು ರಜೆ ಅರ್ಜಿ ಬರೆಯುವಾಗ, "ಹೊನ್ನಮ್ಮ, ಇದಕ್ಕೆ ಮೇಲೆ ಏನಂತ ಹಾಕ್ಬೇಕು?" ಎಂದು ಕೇಳುವಂತಾಯಿತು. ಕೇಳಿದಾಗೆಲ್ಲ ಅವಳ ಬೆನ್ನು ಒಂದು ಗೇಣು ನೆಟ್ಟಗಾಗುತ್ತಿತ್ತು. ಯಾರ ಮುಂದೆಯೂ ಕೈಕಟ್ಟಿ ಕೂತು ಕಲಿತದ್ದಲ್ಲವಲ್ಲ. ಉಳಿದವರು ತನ್ನನ್ನು ಕೇಳಲಿ, ಅದು ಸೈ. ತಾನು ಇನ್ನೊಬ್ಬರನ್ನು ಕೇಳುವುದೆಂದರೆ ಸೆರಗೊಡ್ಡಿ ನಿಂತ ಹಾಗೆ ಅವಳಿಗೆ.

ಸೆಕೆಂಡ್ ಪಿಯುಸಿಯವರ ಪೋರ್ಷನ್ ಜನವರಿಗೆ ಮುಗಿಯುತ್ತದೆ. ಅಲ್ಲಿಂದ ಪರೀಕ್ಷೆಯವರೆಗೆ ಪ್ರತಿ ಶುಕ್ರವಾರ ಊಟದ ಬಿಡುವಿನಲ್ಲಿ, ಆಟದ ಸಾಮಾನಿನ ಕೋಣೆಯಲ್ಲಿ ಹೊನ್ನಮ್ಮನ ಪಾಠ. ಗಾಳಿ ಹೋದ ವಾಲಿಬಾಲು, ಕಾಲು ಮುರಿದ ಬೆಂಚುಗಳ ನಡುವೆ ಹುಡುಗಿಯರು ಬುತ್ತಿ ಬಿಚ್ಚಿಕೊಂಡು ಕೂರುವರು. ಬೋಟಿನ ಆಳುಗಳ ಮಕ್ಕಳು, ಗದ್ದೆ ಕೂಲಿಯವರ ಮಕ್ಕಳು. ನೌಕರಸ್ಥರ ಹೆಣ್ಣುಮಕ್ಕಳು ಆ ಕಡೆ ಬರುತ್ತಿರಲಿಲ್ಲ. ಅವರಿಗೆ ಮನೆಯಲ್ಲಿ ಹೇಳುವವರಿದ್ದರು. ಬ್ಯಾಂಕಿನಲ್ಲಿ ಚೀಟಿ ತುಂಬುವುದು, ಪ್ರತಿ ಸಲ ಒಂದೇ ತರ ಸಹಿ ಹಾಕುವುದು, ಗೊತ್ತಿಲ್ಲದ ಊರಲ್ಲಿ ಬಸ್ಸಿಳಿದರೆ ಯಾರ ಹತ್ತಿರ ದಾರಿ ಕೇಳಬೇಕು, ಯಾರ ಹತ್ತಿರ ಕೇಳಬಾರದು, ಹೀಗೆ ಯಾವ ಪುಸ್ತಕದಲ್ಲೂ ಇಲ್ಲದ್ದು ಅಲ್ಲಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಪಾಠ ಒಂದೇ. ಅದನ್ನು ಅವಳು ನಾಟಕ ಆಡಿಸಿಯೇ ಕಲಿಸುತ್ತಿದ್ದಳು.

ಮುರುಕು ಕುರ್ಚಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಹೊನ್ನಮ್ಮ ಮ್ಯಾನೇಜರ್ ಆಗುವಳು. ಎದುರಿಗೆ ಕೆಲಸ ಕೇಳಲು ಬಂದ ಹುಡುಗಿ. ಆ ವರ್ಷ ಎಲ್ಲರಿಗಿಂತ ಚೆನ್ನಾಗಿ ಆಡಿದವಳು ಹಾರವಾಡದ ಸೌಜನ್ಯಾ.

"ಹೆಸರೆಂತದು?"

"ಸೌಜನ್ಯಾ ಹರಿಕಂತ್ರ, ಸರ್."

"ಹೊನ್ನಕ್ಕ, ಸರ್ ಅನ್ಸ್ಕಳ್ಳೂಕೆ ಮೀಸೆ ಬೇಕು. ಮಸಿ ತರ್ಲಾ?" ಎಂದಳು ಹಿಂದಿನಿಂದ ಸುಕ್ರಿ.

"ಬಾಯಿ ಮುಚ್ಚೇ ಸುಕ್ರಿ, ಮೀಸೆ ಇದ್ದವ್ರು ಕಡೆಗೆ ಸಿಗ್ತಾರೆ ನಿಂಗೆ." ಹೊನ್ನಮ್ಮ ಮತ್ತೆ ಮ್ಯಾನೇಜರಾದಳು. "ಮಾರ್ಕ್ಸ್ ಕಾರ್ಡ್ ತಂದ್ಯಾ?"

"ತಂದಿದ್ದೆ. ಜೆರಾಕ್ಸ್ ತಕಳ್ಳಿ."

"ಜೆರಾಕ್ಸ್ ಯಾರಿಗೆ ಬೇಕು? ಒರಿಜಿನಲ್ ಕೊಡು. ನಮ್ಮ ಕಪಾಟಲ್ಲಿ ಜೋಪಾನ ಇರ್ತದೆ."

"ನೋಡಿ ವಾಪಸ್ ಕೊಡಿ. ಇಟ್ಕಳ್ಳೂಕೆ ಕೊಡೂದಿಲ್ಲ."

"ಎಲ್ಲರೂ ಕೊಟ್ಟಾರೆ. ನೀ ಎಂತ ಮಹಾರಾಣಿಯಾ?"

"ಮಹಾರಾಣಿ ಆಗಿದ್ರೆ ನಿಮ್ಮ ಬಾಗ್ಲಿಗೆ ಬತ್ತಿದ್ನಾ?"

ಕೋಣೆಯೆಲ್ಲ ಹೋ ಎಂದಿತು. ಹೊನ್ನಮ್ಮ ಕುರ್ಚಿಯಿಂದೆದ್ದು ಅವಳ ಬೆನ್ನಿಗೊಂದು ಗುದ್ದಿದಳು. "ಹಾಂ! ಹೀಂಗಿರ್ಬೇಕು ನಾಲ್ಗೆ! ಕಾಗ್ದ ಅವ್ರ ಕಪಾಟಿಗೆ ಹೋಯ್ತು ಅಂದ್ರೆ ನಿಮ್ಮ ಕಾಲು ಅವ್ರ ಕಪಾಟಿಗೆ ಹೋಯ್ತು. ಪ್ರಾಣ ಕೇಳಿದ್ರೆ ಆಲೋಚ್ನೆ ಮಾಡಿ, ಒರಿಜಿನಲ್ ಕೇಳಿದ್ರೆ ಆಲೋಚ್ನೆನೂ ಮಾಡಬೇಡಿ."

ಈ ಹಟಕ್ಕೊಂದು ಬೇರಿತ್ತು. ಹೊನ್ನಮ್ಮನ ತಂಗಿಯ ಮಗಳು ಗಂಗೂ ಹದಿನಾಲ್ಕು ವರ್ಷದ ಹಿಂದೆ ಪಿಯುಸಿ ಪಾಸಾದವಳು, ಆ ಮನೆತನದಲ್ಲೇ ಮೊದಲು. ಪಾಸಾದ ತಿಂಗಳಿಗೆ ದಕ್ಷಿಣದ ಕಡೆಯ ಒಂದು ಸಿಗಡಿ ಕಾರ್ಖಾನೆಗೆ ಹೋದಳು. ಒರಿಜಿನಲ್ ಅವರ ಕಪಾಟು ಸೇರಿತು. ದಿನವಿಡೀ ಐಸಿನ ನೀರಿನಲ್ಲಿ ಕೈಯದ್ದಿ ಸಿಗಡಿ ಸುಲಿದು ಬೆರಳಿನ ಚರ್ಮ ಎದ್ದು ಬಂತು. ಬಿಟ್ಟು ಹೋಗುತ್ತೇನೆಂದರೆ, ಮೂರು ವರ್ಷದ ಕರಾರು, ಅದು ಮುಗಿಯದೆ ಕಾಗದ ಇಲ್ಲ ಎಂದರು. ಎರಡನೇ ವರ್ಷ ಉಗುರು ಕೊಳೆತ ಮೇಲೆ ಕಾಗದ ಬಿಟ್ಟೇ ಓಡಿ ಬಂದಳು. ಆಮೇಲೆ ಎಲ್ಲಿ ಹೋಗಿ ನಿಂತರೂ ಮಾರ್ಕ್ಸ್ ಕಾರ್ಡ್ ಎಲ್ಲಿ ಎಂಬ ಮಾತು. ಇನ್ನೊಂದು ಪ್ರತಿ ತೆಗೆಸಲು ಠಾಣೆಗೆ, ಕಚೇರಿಗೆ ಅಲೆದು ಅಲೆದು ಅವಳ ಅಪ್ಪ ಸೋತು ಕೂತ. ಈಗ ಗಂಗೂ ಅಗಸೂರಿನಲ್ಲಿ ತಾಯಿ ನಟ್ಟಿ ಮಾಡಿದ ಗದ್ದೆಯಲ್ಲೇ ನಟ್ಟಿ ಮಾಡುತ್ತಾಳೆ. ಕೆಸರು ತಾಗಿದರೆ ಬೆರಳು ಉರಿಯುತ್ತದೆಂದು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಇಳಿಯುತ್ತಾಳೆ. ಅವಳು ಹಾಗೆ ಓಡಿ ಬಂದ ವರ್ಷವೇ ಹೊನ್ನಮ್ಮ ಸಾಮಾನಿನ ಕೋಣೆಯಲ್ಲಿ ಪಾಠ ಶುರು ಮಾಡಿದ್ದು.

ಹನ್ನೆರಡು ವರ್ಷದಲ್ಲಿ ಆ ಕೋಣೆಯಿಂದ ಹೊರಟವರು ಜವಳಿ ಅಂಗಡಿಗೆ, ಗೇರುಬೀಜದ ಕಾರ್ಖಾನೆಗೆ, ಗೋವೆಯ ಹೋಟೆಲಿಗೆ ಹೋದರು. ಎಷ್ಟೋ ಜನ ಒರಿಜಿನಲ್ ಉಳಿಸಿಕೊಂಡು, ಬೇಡವೆನಿಸಿದ ದಿನ ಎದ್ದು ಬಂದರು. ಬಂದು ಹೊನ್ನಕ್ಕನ ಕೈ ಹಿಡಿದು ಕಣ್ಣೀರು ಹಾಕಿದವರೂ ಉಂಟು. ಆದರೆ ಅಲ್ಲಿಂದ ಮುಂದಿನ ಓದಿಗೆ ಹೋದವಳು ಒಬ್ಬಳೂ ಇರಲಿಲ್ಲ. ಮೊದಲು ಹೊರಟವಳು ಸೌಜನ್ಯಾ.

ಅವಳ ಅಪ್ಪ ಮಂಜು ಬೇರೆಯವರ ಬೋಟಿನಲ್ಲಿ ಬಲೆ ಎಳೆಯುವವನು. ತಾಯಿ ಕಾಮಿ ಮೀನು ಒಣಗಿಸುವ ಕೂಲಿಗೆ ಹೋಗುತ್ತಾಳೆ. ಸೌಜನ್ಯಾ ವಿಜ್ಞಾನ ತೆಗೆದುಕೊಂಡು ನೂರಕ್ಕೆ ಎಪ್ಪತ್ತೊಂಬತ್ತು ತಂದಳು. ಕಾರವಾರದ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಬಂತು. ಫೀಸಿನ ತಲೆನೋವಿಲ್ಲ, ಹಾಸ್ಟೆಲಿದೆ. ಜುಲೈ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ ಸೇರಿಕೊಳ್ಳಬೇಕು. ಇಲ್ಲದಿದ್ದರೆ ಸೀಟು ಪಟ್ಟಿಯಲ್ಲಿ ಕೆಳಗಿನವರಿಗೆ. ಮನೆಯಲ್ಲಿ ಕಾಮಿ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು: ಸೀಟಾದರೆ ಓದು, ಇಲ್ಲವಾದರೆ ಸಂಕೇತನ ಗಾಡಿ. ಸಂಕೇತನೆಂದರೆ ಈ ಕಡೆಯ ಹುಡುಗಿಯರನ್ನು ಮಡಗಾಂವಿನ ಮೀನು ಪ್ಯಾಕಿಂಗಿಗೆ ಒಯ್ಯುವ ಏಜೆಂಟ. ಅವನ ಗಾಡಿ ಅದೇ ವಾರ ಹೊರಡುವುದಿತ್ತು.

ಸೋಮವಾರ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಹೊನ್ನಮ್ಮನ ಫೋನು ಹೊಡೆದುಕೊಂಡಿತು.

"ಹೊನ್ನಕ್ಕ, ನಾ ಸೌಜನ್ಯಾ. ಇಲ್ಲಿ ಒರಿಜಿನಲ್ ಕೇಳ್ತಾರೆ."

"ತೋರ್ಸು."

"ತೋರ್ಸೂಕಲ್ಲ. ಇಟ್ಕಳ್ಳೂಕಂತೆ. ಮೂರು ವರ್ಷ ಆದ್ಮೇಲೆ ಕೊಡ್ತಾರಂತೆ."

ಮೂರು ವರ್ಷ ಎಂದ ಕೂಡಲೇ ಹೊನ್ನಮ್ಮನ ಕಣ್ಣಿಗೆ ಗಂಗೂನ ಬೆರಳು ಬಂತು.

"ಜೆರಾಕ್ಸ್ ಕೊಟ್ಯಾ?"

"ಕೊಟ್ಟೆ. ಬೇಡ ಅಂದ್ರು. ಎಲ್ಲರೂ ಕೊಟ್ಟಾರೆ, ನಿಂಗೇನು ಅಂದ್ರು. ಒಂದು ಗಂಟೆವರೆಗೆ ಟೈಮದೆ. ಎಂತ ಮಾಡ್ಲಿ?"

ಪ್ರಿನ್ಸಿಪಾಲರ ಕೋಣೆ ಅಲ್ಲಿಂದ ಹತ್ತು ಹೆಜ್ಜೆ. ಬಾಗಿಲು ತೆರೆದಿತ್ತು. ಅವರು ಕನ್ನಡಕ ಹಣೆಗೇರಿಸಿ ಯಾವುದೋ ಪಟ್ಟಿ ನೋಡುತ್ತಿದ್ದರು. ಹೋಗಿ, "ಸರ್, ಹೀಗೆ ಕೇಳ್ತಾರಂತೆ, ಕೊಡ್ಬಹುದಾ?" ಎಂದಿದ್ದರೆ ಅರ್ಧ ನಿಮಿಷದ ಮಾತು. ಹೊನ್ನಮ್ಮ ಆ ಬಾಗಿಲನ್ನು ನೋಡಿದಳು ಕೂಡ. ಹನ್ನೆರಡು ವರ್ಷ ತಾನೇ ಹೇಳಿದ ಪಾಠವನ್ನು ಇವತ್ತು ಇನ್ನೊಬ್ಬರನ್ನು ಕೇಳಿ ಹೇಳುವುದೇ? ಅದೂ ಅಲ್ಲದೆ ಎಲ್ಲರೂ ಕೊಟ್ಟಾರೆ ಎಂಬ ಮಾತು ಅವಳಿಗೆ ಹೊಸದೇ? ಕುರ್ಚಿಯಲ್ಲಿ ಕೂತು ನೂರು ಸಲ ಆಡಿದ ಮಾತು.

"ಕೊಡಬೇಡ," ಎಂದಳು.

"ಸೀಟು ಹೋದ್ರೆ?"

"ಹೆದರ್ಸ್ತಾರೆ ಮಗಾ. ಕಡೆಗೆ ಅವ್ರೇ ಕರ್ದು ತಕಳ್ತಾರೆ. ಗಟ್ಟಿ ನಿಲ್ಲು."

ಆ ಕಡೆಯ ಗದ್ದಲದ ನಡುವೆ "ಹೂಂ" ಎಂಬ ಸಣ್ಣ ದನಿ ಕೇಳಿತು. ಹೊನ್ನಮ್ಮ ಫೋನನ್ನು ಸೆರಗಿಗೆ ಕಟ್ಟಿ ಹೋಗಿ ಗಂಟೆ ಹೊಡೆದಳು. ಅವತ್ತು ಗಂಟೆ ದಿನಕ್ಕಿಂತ ಜೋರಾಗಿತ್ತೆಂದು ಲೆಕ್ಚರರೊಬ್ಬರು ನಗೆಯಾಡಿದರು.

ಮಂಗಳವಾರ ಬೆಳಿಗ್ಗೆ ಪ್ರೇಕ್ಷಾ ಪೇಡೆಯ ಡಬ್ಬಿ ಹಿಡಿದು ಬಂದಳು. ಬ್ಯಾಂಕ್ ಗುಮಾಸ್ತರ ಮಗಳು, ಸೌಜನ್ಯಾಳ ಕ್ಲಾಸಿನವಳೇ. ಸಾಮಾನಿನ ಕೋಣೆಯ ಕಡೆ ಒಂದು ದಿನವೂ ಬಂದವಳಲ್ಲ.

"ಬಾಯಿ ಸಿಹಿ ಮಾಡ್ಕಳ್ಳಿ ಹೊನ್ನಕ್ಕ. ನಂಗೂ ನರ್ಸಿಂಗ್ ಆಯ್ತು. ನಾ ವೇಟಿಂಗ್‌ನಲ್ಲಿದ್ದೆ. ಸೌಜನ್ಯಾ ಮಾರ್ಕ್ಸ್ ಕಾರ್ಡ್ ಕೊಡೂದೇ ಇಲ್ಲ ಅಂತ ಹಟ ಹಿಡಿದ್ಲಂತೆ. ಒಂದೂವರೆಗೆ ನನ್ನ ಕರೆದ್ರು."

"ನೀ ಕೊಟ್ಯಾ?"

"ಕೊಡ್ದೆ ಮತ್ತೆ? ಓದೂಕೆ ಸೇರಿದ್ರೆ ಇಟ್ಕಳ್ತಾರಲ್ಲ. ಅಪ್ಪ ಮೊದಲೇ ಹೇಳಿದ್ದ."

ಹೊನ್ನಮ್ಮ ಪೇಡೆಯನ್ನು ಬಾಯಿಗೆ ಹಾಕಲಿಲ್ಲ. ಪ್ರಿನ್ಸಿಪಾಲರ ಬಾಗಿಲಿಗೆ ಹೋದಳು. ನಿನ್ನೆ ಕೇಳಬೇಕಾದ್ದನ್ನು ಇವತ್ತು ಕೇಳಿದಳು. "ಹೌದು, ಕೊಡಲೇಬೇಕು ಹೊನ್ನಮ್ಮ. ಕೆಲಸ ಬೇರೆ, ಓದು ಬೇರೆ," ಎಂದು ಅವರು ತಲೆಯೆತ್ತದೆ ಹೇಳಿದರು. ಅಷ್ಟೇ. ಹೊನ್ನಮ್ಮ ಅರ್ಧ ದಿನದ ರಜೆ ಬರೆದಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದಳು.

ಸೌಜನ್ಯಾಳ ಫೋನು ಸ್ವಿಚ್ ಆಫ್ ಆಗಿತ್ತು. ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡು ಹೊನ್ನಮ್ಮ ಕಿಟಕಿಗೆ ಒರಗಿ ಕೂತಳು. ಹಾರವಾಡದಲ್ಲಿ ಬಸ್ಸು ನಿಂತಾಗ ಇಳಿಯಲೋ ಬೇಡವೋ ಎಂದು ಒಂದು ಸಲ ಎದ್ದಳು. ಸೀಟು ತಿರುಗಿ ಕೊಡಿಸದೆ ಆ ಹುಡುಗಿಗೆ ಮುಖ ತೋರಿಸುವುದು ಹೇಗೆಂದು ಮತ್ತೆ ಕೂತಳು. ತೋಡೂರು ದಾಟಿತು, ಅಮದಳ್ಳಿ ದಾಟಿತು, ನೇವಿಯ ಉದ್ದ ಗೋಡೆ ಕಿಟಕಿಯ ಪಕ್ಕ ಓಡಿತು. ಹೇಳಬೇಕಾದ ಮಾತುಗಳನ್ನು ಅವಳು ಸುತ್ತೋಲೆಯ ಕನ್ನಡದಲ್ಲಿ ಜೋಡಿಸಿಕೊಂಡಳು.

ದಾಖಲಾತಿ ಕಿಟಕಿಯಲ್ಲಿದ್ದ ಗುಮಾಸ್ತ ರವಿಕಿರಣ ಮೂವತ್ತೈದರ ಆಸುಪಾಸಿನವನು. ಕೆಟ್ಟವನಲ್ಲ. ಕೊಂಕಣಿಯವರ ರೂಢಿಯಂತೆ ಬಾಯಿ ಎಂದು ಮರ್ಯಾದೆಯಿಂದ ಕರೆದು, ಕೂರಲು ಸ್ಟೂಲು ಕೊಟ್ಟ.

"ಬಾಯಿ, ಆ ತಂಗಿಗೆ ಮೂರು ಸಲ ಹೇಳ್ದೆ. ಪುಸ್ತಕ ತೆಗೆದು ನಿಯಮ ತೋರಿಸ್ದೆ. ಮೊದ್ಲು ಕೊಡೂ ಹಾಗೇ ಇದ್ಲು. ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದ್ಲು ನೋಡಿ, ಆಮೇಲೆ ಮಾತೇ ಕೇಳ್ಲಿಲ್ಲ. ನಿಂಗೇನು ಸ್ಪೆಷಲ್ಲಾ ಅಂದೆ. ಮಹಾರಾಣಿ ಆಗಿದ್ರೆ ನಿಮ್ಮ ಬಾಗ್ಲಿಗೆ ಬತ್ತಿದ್ನಾ ಅಂದ್ಲು. ಹಿಂದೆ ನಿಂತವ್ರೆಲ್ಲ ನಕ್ಕುಬಿಟ್ರು."

ಹೊನ್ನಮ್ಮ ಬಸ್ಸಿನಲ್ಲಿ ಜೋಡಿಸಿದ ಮಾತನ್ನೆಲ್ಲ ಬಿಟ್ಟು ನೇರ ಹೇಳಿದಳು.

"ಆ ಫೋನು ನಾನೇ ತಕಂಡದ್ದು ಸರ್. ಕೊಡಬೇಡ ಅಂದದ್ದೂ ನಾನೇ. ತಪ್ಪು ನಂದು. ಹುಡುಗಿದಲ್ಲ."

ರವಿಕಿರಣ ಅವಳನ್ನು ನೋಡಿದ. ಬೈಯಲಿಲ್ಲ.

"ಆ ಸೀಟಲ್ಲಿ ಈಗ ಇನ್ನೊಬ್ಬಳು ಕೂತಾಗಿದೆ ಬಾಯಿ. ಅವಳನ್ನ ಎಬ್ಸೂಕೆ ಬರ್ತದಾ? ನೀವೇ ಹೇಳಿ."

ಬೆಳಗಿನ ಪೇಡೆಯ ಅಂಟು ಹೊನ್ನಮ್ಮನ ಅಂಗೈಯಲ್ಲಿ ಇನ್ನೂ ಇತ್ತು. ಅದನ್ನು ಸೆರಗಿಗೆ ಒರೆಸಿಕೊಂಡು, ಬರುವುದಿಲ್ಲವೆಂದು ತಲೆಯಾಡಿಸಿದಳು.

"ಇಟ್ಕಂಡದ್ದಕ್ಕೆ ನಾವು ಚೀಟಿ ಕೊಡ್ತೇವೆ," ಎಂದು ಅವನು ಒಂದು ಕಾಗದ ಮುಂದೆ ಸರಿಸಿದ. "ಯಾವ ಕಾಗದ, ಯಾವ ತಾರೀಕು, ಯಾರು ತಕಂಡ್ರು, ಎಲ್ಲ ಬರ್ದು, ಸಹಿ ಹಾಕಿ, ಕಚೇರಿ ಸಿಕ್ಕಾ ಒತ್ತಿ. ಚೀಟಿ ಕೊಡಿ ಅಂತ ಕೇಳೂಕೆ ಕಲಿಸ್ಬೇಕಿತ್ತು ನೀವು. ಇರ್ಲಿ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ಲಿ."

ಹೊನ್ನಮ್ಮ ಆ ಚೀಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು, ಮೊದಲ ಸಲ ಓದಲು ಕಲಿತವರಂತೆ ಬೆರಳಿಟ್ಟು. ಕಸಿದುಕೊಳ್ಳುವವರ ಎದುರು ನಿಲ್ಲುವುದನ್ನು ಹನ್ನೆರಡು ವರ್ಷ ಕಲಿಸಿದ್ದಳು. ತನ್ನ ಹುಡುಗಿಯರಿಗೂ ಯಾರಾದರೂ ಏನನ್ನಾದರೂ ಕೊಡಲು ಕರೆದಾರು ಎಂಬುದು ಅವಳ ತಲೆಗೆ ಒಂದು ದಿನವೂ ಬಂದಿರಲಿಲ್ಲ.

ತಿರುಗಿ ಬರುವಾಗ ಹಾರವಾಡದಲ್ಲಿ ಇಳಿದಳು. ಮಳೆಗಾಲ, ಬೋಟುಗಳೆಲ್ಲ ದಡದ ಮೇಲೆ. ಜಗಲಿಯಲ್ಲಿ ಮಂಜು ಬಲೆ ನೇಯುತ್ತ ಕೂತಿದ್ದ. ಅವಳನ್ನು ಮೊದಲು ಕಂಡವಳು ಕಾಮಿ.

"ಬಂದ್ಯಾ? ಬಾ, ಬಾ. ನನ್ನ ಮಗಳ ಮಂಡೆ ಹಾಳು ಮಾಡಿ ಆಯ್ತಲ್ಲ, ಇನ್ನೆಂತ ಉಳಿದದೆ?"

"ತಪ್ಪಾಯ್ತು ಕಾಮಿ."

"ತಪ್ಪಾಯ್ತಂತೆ! ಪಾಠ ಹೇಳೂ ದೊಡ್ಡ ಅಕ್ಕೋರು! ಮೂರನೇ ಕ್ಲಾಸು ಕಲ್ತ ಅಕ್ಕೋರು! ಗಂಟೆ ಹೊಡೂಕೆ ಇಟ್ಟವ್ಳು ಗಂಟೆ ಹೊಡ್ಕಂಡು ಇರ್ಬೇಕಿತ್ತು. ನಮ್ಮ ಮನೆ ಬಾಗ್ಲಿಗೆ ಒಂದೇ ಸಲ ಬಂದದ್ದು ಒಳ್ಳೇದು, ಅದನ್ನ ನೀ ಓಡ್ಸಿದ್ಯಲ್ಲೇ!"

"ಬೈದ್ರೆ ಸೀಟು ಬತ್ತದಾ?" ಮಂಜು ಬಲೆಯಿಂದ ಕಣ್ಣು ತೆಗೆಯದೆ ಹೇಳಿದ. "ಬಿಡು."

ಒಳಗಿನಿಂದ ಸೌಜನ್ಯಾ ಬಂದಳು. ಅಳುವ ಮುಖವಲ್ಲ, ಅತ್ತು ಮುಗಿದ ಮುಖ.

"ಮುಂದಿನ ವರ್ಷ ಮತ್ತೆ ಹಾಕೂಕೆ ಆತದಂತೆ ಮಗಾ. ಒಂದು ವರ್ಷ ಹೇಗಾದ್ರೂ ಮನೇಲಿ..."

"ಮನೇಲಿ ಕೂತ್ರೆ ಮದ್ವೆ ಮಾಡ್ತಾರೆ. ನಾ ಮಡಗಾಂವಿಗೆ ಹೋಗ್ತೆ." ಆಮೇಲೆ ಅವಳು ಕೇಳಿದಳು: "ಹೊನ್ನಕ್ಕ, ನಿನ್ನೆ ನಾ ಫೋನ್ ಮಾಡ್ದಾಗ ಪ್ರಿನ್ಸಿಪಾಲ್ ಸರ್ ಇದ್ರಾ?"

"ಇದ್ರು."

"ಹತ್ರನೇ?"

"ಹತ್ರನೇ."

ಸೌಜನ್ಯಾ ಒಳಗೆ ಹೋಗಿ ನೀರು ತಂದಿಟ್ಟಳು. ಕಾಮಿಯ ಬೈಗುಳವೆಲ್ಲ ಒಂದು ತೂಕ, ಆ ಎರಡು ಪ್ರಶ್ನೆ ಒಂದು ತೂಕ. ಕೊಟ್ಟ ನೀರನ್ನೂ ಕುಡಿಯದೆ ಹೊನ್ನಮ್ಮ ಎದ್ದಳು.

ಗುರುವಾರ ಬೆಳಿಗ್ಗೆ ಹಾರವಾಡದಲ್ಲಿ ಹೆದ್ದಾರಿಯ ಪಕ್ಕ ಸಂಕೇತನ ವ್ಯಾನು ನಿಂತಿತ್ತು. ಒಳಗೆ ಆಗಲೇ ನಾಲ್ಕು ಹುಡುಗಿಯರು. ಸಂಕೇತ ಇಸ್ತ್ರಿ ಅಂಗಿಯ ಹುಡುಗ, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಹೊನ್ನಮ್ಮ ಹೇಳದೆ ಕೇಳದೆ ಬಂದು ಕಾಮಿಯಿಂದ ಮಾರು ದೂರ ನಿಂತಿದ್ದಳು.

"ಒರಿಜಿನಲ್ ತಂದ್ಯಾ?" ಎಂದ ಸಂಕೇತ. "ಮ್ಯಾನೇಜರ್ ಹತ್ರ ಇರ್ಬೇಕು ಅದು."

ಸೌಜನ್ಯಾ ಒಂದು ಸಲ ಹೊನ್ನಮ್ಮನ ಕಡೆ ನೋಡಿದಳು. ಕೊಡಬೇಡ ಎಂದು ಹೊನ್ನಮ್ಮ ಈಗ ಯಾವ ಮುಖದಿಂದ ಹೇಳುವುದು? ಆ ಮಾತು ಮೊನ್ನೆ ಏನು ಮಾಡಿತೆಂದು ಇಬ್ಬರಿಗೂ ಗೊತ್ತಿತ್ತು. ಹುಡುಗಿ ಚೀಲದಿಂದ ಕವರು ತೆಗೆದಳು, ಕವರಿನಿಂದ ಕಾರ್ಡು ತೆಗೆದು ಸಂಕೇತನಿಗೆ ಕೊಟ್ಟಳು. ಅದು ಫೈಲಿನೊಳಗೆ ಹೋಯಿತು.

ಆಗ ಹೊನ್ನಮ್ಮ ವ್ಯಾನಿನ ಮುಂದೆ ಬಂದು ನಿಂತಳು.

"ಸಂಕೇತಾ, ತಕಂಡದ್ದಕ್ಕೆ ಚೀಟಿ ಬರ್ದು ಕೊಡು."

"ಎಂತ ಚೀಟಿ ಅಜ್ಜಿ? ನಾ ಎಲ್ಲಿಗಾದ್ರೂ ಓಡಿ ಹೋಗ್ತೆನಾ?"

"ಓಡಿ ಹೋಗೂದು ನೀನಲ್ಲ, ಕಾಗ್ದ. ಬರಿ."

"ನಂಗೆ ಬರಿಯೂಕೆ ಬರೂದಿಲ್ಲ ಅನ್ಕೊ."

"ನಂಗೆ ಬತ್ತದೆ."

ಸೌಜನ್ಯಾಳ ಕವರಿನಲ್ಲಿ ಉಳಿದಿದ್ದ ಜೆರಾಕ್ಸನ್ನು ತೆಗೆದುಕೊಂಡು, ಬಾನೆಟ್ಟಿನ ಮೇಲೆ ಮಗುಚಿಟ್ಟು, ಅವಳು ಬರೆದಳು. ಯಾವ ಕಾರ್ಡು, ಯಾವ ನಂಬರು, ಯಾವ ತಾರೀಕು, ಯಾರು ಯಾರಿಂದ ತೆಗೆದುಕೊಂಡರು. ಕಿಟಕಿಯಲ್ಲಿ ರವಿಕಿರಣ ತೋರಿಸಿದ್ದ ಸಾಲುಗಳೇ. ದಪ್ಪ ದಪ್ಪ ಅಕ್ಷರ. ಪೆನ್ನು ಒತ್ತಿ ಒಂದೆರಡು ಕಡೆ ಕಾಗದ ಹರಿಯಿತು. ಡ್ರೈವರು ಹಾರ್ನ್ ಹೊಡೆದ. ಅವಳು ಅಲುಗಲಿಲ್ಲ. ಸಂಕೇತ ಕೊಂಕಣಿಯಲ್ಲಿ ಏನೋ ಬೈದುಕೊಂಡು, ಪೆನ್ನು ಕಸಿದು ಕೆಳಗೊಂದು ಗೀಚು ಗೀಚಿದ.

"ಆಯ್ತಾ? ಈಗ ಪಕ್ಕಕ್ಕೆ ಸರಿ ಅಜ್ಜಿ, ಗಾಡಿ ಹೋಗ್ಬೇಕು."

"ಅಕ್ಕಾ, ನಂಗೂ ಒಂದು..." ಎಂದು ಒಳಗಿದ್ದ ಹುಡುಗಿಯೊಬ್ಬಳು ಕಿಟಕಿಯಿಂದ ಕೈ ಹೊರಗೆ ಹಾಕಿದಳು. ಅಷ್ಟರಲ್ಲಿ ವ್ಯಾನು ಹೊರಟಿತು. ಸೌಜನ್ಯಾ ಆ ಕಡೆಯ ಸೀಟಿನಲ್ಲಿದ್ದಳು, ಮುಖ ಕಾಣಲಿಲ್ಲ.

ಹೊನ್ನಮ್ಮ ಕಾಗದವನ್ನು ಬೆಳಕಿಗೆ ಹಿಡಿದಳು. ಗೀಚಿದ್ದರಲ್ಲಿ ಸಂಕೇತ ಎಂಬ ಹೆಸರಿನ ಒಂದು ಅಕ್ಷರವೂ ಇರಲಿಲ್ಲ. ಯಾರ ಹೆಸರೂ ಆಗಬಹುದಾದ ಗೆರೆ. ಸಿಕ್ಕಾ ಇಲ್ಲ, ಕಂಪನಿಯ ಹೆಸರಿಲ್ಲ. ಸರಿಯಾದ ಚೀಟಿ ಹೇಗಿರುತ್ತದೆಂದು ಮೊನ್ನೆಯಷ್ಟೇ ನೋಡಿದವಳಿಗೆ ಇದರ ಬೆಲೆ ಬೇರೆಯವರು ಹೇಳಬೇಕಿರಲಿಲ್ಲ.

ಕಾಮಿ ಹತ್ತಿರ ಬಂದಳು. ಬೈಯುವ ಕಸುವು ಅವಳಲ್ಲೂ ಉಳಿದಿರಲಿಲ್ಲ.

"ಇದ್ರಿಂದ ನಾಳೆ ಆ ಕಾರ್ಡು ವಾಪಸ್ ಸಿಗ್ತದಾ?"

ಐವತ್ತೆಂಟು ವರ್ಷದಲ್ಲಿ ಯಾರೇನು ಕೇಳಿದರೂ ಹೊನ್ನಮ್ಮನ ಬಾಯಿಂದ ತಟ್ಟನೆ ಒಂದು ಉತ್ತರ ಬರುತ್ತಿತ್ತು.

"ಗೊತ್ತಿಲ್ಲ ಕಾಮಿ," ಎಂದಳು. "ಯಾರನ್ನಾದ್ರೂ ಕೇಳ್ಬೇಕು."

ಕಾಮಿ ಅವಳ ಕೈಯಿಂದ ಕಾಗದ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಿರುಗಿ ನೋಡದೆ ಮನೆಯ ಕಡೆ ನಡೆದಳು.